ಟಾಪ್ ಆಫ್ ದಿ ಪಾಪ್ಸ್ ಹಳೆಯ ಕಂತುಗಳ ಹಾಗೆ ನಮ್ಮ ಚಿತ್ರಮಂಜರಿಯೂ ಮತ್ತೆ ನೋಡಲು ಸಿಗುತ್ತಾ?

ತೋಟದಮನೆ ಕೇಳಿದ್ದು:

ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಆಗುಂಬೆ ರಸ್ತೆಯಿಂದ ಒಳಗೆ ಮೂರು ಕಿಲೋಮೀಟರ್ ಬಂದರೆ ನಮ್ಮ ಮನೆ. ವಯಸ್ಸು ಅರವತ್ತರ ಹತ್ತಿರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಮಳೆಗಾಲದಲ್ಲಿ ಬೇರೆ ಕೆಲಸ ಇಲ್ಲದವರು ಪೂರ್ತಿ ಓದಿ.

ಕೆಲವು ವರ್ಷಗಳ ಹಿಂದೆ ಮಗಳ ಬಾಣಂತನಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿ ಐದು ತಿಂಗಳು ಇದ್ದೆ. ಚಳಿಗಾಲ. ಸಂಜೆ ನಾಲ್ಕಕ್ಕೇ ಕತ್ತಲೆ. ಮಗು ಏಳು ಗಂಟೆಗೆ ಅಳಲು ಶುರು ಮಾಡಿದರೆ ಒಂಬತ್ತರ ತನಕ ನಿಲ್ಲಿಸುತ್ತಿರಲಿಲ್ಲ. ಕಾಲ ಮೇಲೆ ಮಲಗಿಸಿಕೊಂಡು, ಸದ್ದು ಸಣ್ಣ ಮಾಡಿ, ಟೀವಿ ಹಾಕಿಕೊಂಡು ಕೂರುತ್ತಿದ್ದೆ. ಹಾಗೆ ಒಂದು ದಿನ ಬಿಬಿಸಿ ಫೋರ್ ಚಾನಲ್‌ನಲ್ಲಿ ಕಣ್ಣಿಗೆ ಬಿದ್ದದ್ದು ಟಾಪ್ ಆಫ್ ದಿ ಪಾಪ್ಸ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಬಿಬಿಸಿಯವರ ಹಳೆಯ ಹಾಡಿನ ಕಾರ್ಯಕ್ರಮ. 1964ರ ಜನವರಿ 1ಕ್ಕೆ ಶುರುವಾಗಿ 2006ರ ಜುಲೈವರೆಗೆ ವಾರವಾರವೂ ಬಂತು. ಆ ವಾರ ಅಂಗಡಿಗಳಲ್ಲಿ ಯಾವ ರೆಕಾರ್ಡು ಎಷ್ಟು ಮಾರಾಟವಾಯಿತು ಅಂತ ಲೆಕ್ಕ ಹಾಕಿ ಪಟ್ಟಿ ಮಾಡುತ್ತಾರೆ. ಹಾಡಿದವರನ್ನೇ ಸ್ಟುಡಿಯೋಗೆ ಕರೆಸುತ್ತಾರೆ. ಕೊನೆಗೆ ಒಂದನೇ ನಂಬರಿನ ಹಾಡು. (ನಮ್ಮ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ 1964ರಲ್ಲೇ. ಅಲ್ಲಿ ಹಾಡು ಶುರುವಾದ ವರ್ಷ ಇಲ್ಲಿ ನಮ್ಮಜ್ಜಿಯ ತವರುಮನೆ ನೀರಿನ ಕೆಳಗೆ ಹೋಯಿತು. ಸುಮ್ನೆ ನೆನಪಾಯಿತು, ಹೇಳಿದೆ.)

2011ರಲ್ಲಿ ಬಿಬಿಸಿ ಫೋರ್‌ನವರು 1976ರ ಕಂತುಗಳಿಂದ ಶುರು ಮಾಡಿ ಒಂದರ ಹಿಂದೆ ಒಂದರಂತೆ ಮತ್ತೆ ಹಾಕುತ್ತಾ ಬಂದಿದ್ದಾರೆ. ನಾನು ಹೋದಾಗ ಎಂಬತ್ತರ ದಶಕದ ನಡುವಿನ ವರ್ಷಗಳು ಓಡುತ್ತಿದ್ದವು. ನನಗೆ ಒಂದು ಹಾಡೂ ಗೊತ್ತಿರಲಿಲ್ಲ. ಮಾತೂ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಎರಡನೇ ವಾರಕ್ಕೇ ಅಂಟಿಕೊಂಡುಬಿಟ್ಟೆ. ಗಿಟಾರಿಗೆ ವೈರೇ ಇಲ್ಲ, ಸದ್ದು ಮಾತ್ರ ಜೋರಾಗಿ ಬರುತ್ತಿದೆ! ನಮ್ಮೂರ ಗಣಪತಿ ಆರ್ಕೆಸ್ಟ್ರಾದವರು ಕೊನೇಪಕ್ಷ ವೈರಾದರೂ ಸಿಕ್ಕಿಸಿಕೊಳ್ಳುತ್ತಾರೆ. ಕುಣಿಯಲು ಬಂದ ಹುಡುಗ ಹುಡುಗಿಯರು ಹಾಡುವವನನ್ನು ಬಿಟ್ಟು ಕ್ಯಾಮೆರಾ ಎಲ್ಲಿದೆ ಅಂತ ಹುಡುಕುತ್ತಾರೆ. ಹಿಂದೆ ಯಾರೋ ಒಬ್ಬ ಕತ್ತಿಗೆ ಸ್ವೆಟರ್ ಕಟ್ಟಿಕೊಂಡು ಸುಮ್ಮನೆ ನಿಂತಿರುತ್ತಾನೆ.

ನನಗೆ ಹಿಡಿಸಿದ್ದು ಇಷ್ಟೇ: ಅವರು ಕೆಟ್ಟ ಹಾಡನ್ನೂ ಬಿಡುವುದಿಲ್ಲ. ಆ ವಾರ ಹನ್ನೆರಡನೇ ನಂಬರಿನಲ್ಲಿ ಒಂದು ದರಿದ್ರ ಹಾಡು ಇತ್ತು ಅಂದರೆ ಈಗಲೂ ಅದನ್ನು ನೋಡಲೇಬೇಕು. ಮುಂದಿನ ವಾರ ಅದು ಎಂಟಕ್ಕೆ ಏರಿರುತ್ತದೆ, ನನಗೆ ಸಿಟ್ಟು ಬರುತ್ತದೆ. ಮೂವತ್ತು ವರ್ಷ ಹಿಂದಿನ ಪಟ್ಟಿಯ ಮೇಲೆ ತೀರ್ಥಹಳ್ಳಿಯವಳಿಗೆ ಸಿಟ್ಟು! ಅಳಿಯ ನಗುತ್ತಿದ್ದ.

ಮೊದಲ ಕಂತುಗಳನ್ನು ತೆಗೆದದ್ದು ಮ್ಯಾಂಚೆಸ್ಟರಿನಲ್ಲೇ ಅಂತ ಅವನೇ ಹೇಳಿದ. ಡಿಕನ್ಸನ್ ರಸ್ತೆಯಲ್ಲಿ ಒಂದು ಹಳೆಯ ಚರ್ಚನ್ನು ಸ್ಟುಡಿಯೋ ಮಾಡಿಕೊಂಡಿದ್ದರಂತೆ. ಮಗುವಿನ ಗಾಡಿ ತಳ್ಳಿಕೊಂಡು ನೋಡಲು ಹೋದೆ. ಕಟ್ಟಡ ಯಾವತ್ತೋ ಕೆಡವಿ ಆಗಿದೆ. ದೊಡ್ಡ ರಸ್ತೆಯ ಉದ್ದಕ್ಕೂ ಬಿರಿಯಾನಿ, ಕಬಾಬ್ ಅಂಗಡಿಗಳು. ಮಗುವಿಗೆ ಶೀತ ಆಯಿತು, ಮಗಳ ಹತ್ತಿರ ಬೈಸಿಕೊಂಡೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬೆಂಗಳೂರು ದೂರದರ್ಶನದಲ್ಲಿ ಕನ್ನಡ ಸಿನಿಮಾ ಹಾಡುಗಳ ಚಿತ್ರಮಂಜರಿ ಬರುತ್ತಿತ್ತಲ್ಲ, ಅದನ್ನು ಹೀಗೆ ವಾರದ ಲೆಕ್ಕದಲ್ಲಿ ಮತ್ತೆ ಹಾಕಬಾರದಾ? ನಮ್ಮ ಕಡೆ ಮೊದಮೊದಲು ಬರುತ್ತಿದ್ದದ್ದು ದೆಹಲಿಯ ಹಿಂದಿಯೇ ಜಾಸ್ತಿ. ಕನ್ನಡ ಸರಿಯಾಗಿ ಬರಲು ಶುರುವಾದ ಮೇಲೆ ಆ ಅರ್ಧ ಗಂಟೆ ಊರಿಗೆ ಊರೇ ನಮ್ಮ ಜಗುಲಿಯಲ್ಲಿ. ಅಡಿಕೆ ಕೊಯ್ಲಿನ ದಿನಗಳಲ್ಲಂತೂ ಸುಲಿಯುವವರೆಲ್ಲ ಮೆಟ್ಟುಗತ್ತಿ ತಂದು ಟೀವಿ ಎದುರಿಗೇ ಹಾಕಿಕೊಳ್ಳುತ್ತಿದ್ದರು. ರಾಜ್‌ಕುಮಾರ್ ಬಂದರೆ ಕತ್ತಿಯ ಸದ್ದು ನಿಲ್ಲುತ್ತಿತ್ತು. ಗೊತ್ತಿಲ್ಲದ ಹೀರೋ ಬಂದರೆ ಟಕಟಕ ಅಂತ ಮತ್ತೆ ಶುರು. ನಮ್ಮ ಮಾವ ಹಾಡಿನ ಕಡೆ ನೋಡುತ್ತಲೇ ಇರಲಿಲ್ಲ. ಕತ್ತಿಯ ಸದ್ದು ಕೇಳಿಕೊಂಡು ಒಳಗಿನಿಂದಲೇ "ಇವತ್ತು ಹಾಡು ಚಲೋ ಇಲ್ಲ ಕಾಣ್ತದೆ, ಕೆಲಸ ಆಗ್ತಾ ಇದೆ" ಅನ್ನುತ್ತಿದ್ದರು.

ಕೇಳಬೇಕಾದ್ದು ಮೂರು. ಬಿಬಿಸಿಯವರು ನಡುನಡುವೆ ಕೆಲವು ವಾರ ಹಾರಿಸುತ್ತಿದ್ದರು, ಅದು ಯಾಕೆ? ಚಿತ್ರಮಂಜರಿಯ ಟೇಪುಗಳು ಎಲ್ಲಾದರೂ ಇವೆಯಾ, ಇದ್ದರೆ ಕೇಳುವ ದಾರಿ ಏನು? ಮೂರನೆಯದು ನನ್ನ ಸ್ವಂತದ್ದು. ಭಾವ ಮಸ್ಕತ್‌ನಿಂದ ವಿಸಿಆರ್ ತಂದಿದ್ದರು. 1992ರ ಸುಮಾರಿಗೆ ಒಂದಿಷ್ಟು ಚಿತ್ರಮಂಜರಿ ರೆಕಾರ್ಡ್ ಮಾಡಿದ ವಿಎಚ್‌ಎಸ್ ಕ್ಯಾಸೆಟ್ ಎರಡು ಅಟ್ಟದಲ್ಲಿ ಸಿಕ್ಕಿವೆ. ಒಳಗೆ ಬಿಳಿ ಬೂಷ್ಟು. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಂ ಯಾವುದನ್ನೂ ಬೂಷ್ಟು ಬಿಡುವುದಿಲ್ಲ, ಗೊತ್ತಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟರೆ ಹೋಗಬಹುದಾ? ಹಪ್ಪಳದ ಡಬ್ಬಿಯ ಪಕ್ಕ ಜಾಗ ಇದೆ.

ಸಾಗರದ ಟೀವಿ ರಿಪೇರಿ:

ಅಯ್ಯೋ ಅಮ್ಮಾ, ಹೊಗೆಗೆ ಮಾತ್ರ ಇಡಬೇಡಿ! ಮೂರನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಉಳಿದದ್ದು ಬೇರೆಯವರು ಹೇಳಲಿ.

ಟೇಪು ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಾಂತದ ಪುಡಿ. ಬಿಸಿ ತಾಗಿದರೆ ಪಟ್ಟಿ ಎಳೆದುಕೊಳ್ಳುತ್ತದೆ. ಹೊಗೆಯ ಜಿಡ್ಡು ಕೂತರೆ ಅಷ್ಟೇ ಕಥೆ. ಬಿಸಿಲಿಗೂ ಇಡಬೇಡಿ. ಮುಖ್ಯವಾಗಿ ಬೂಷ್ಟು ಇರುವ ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕಿ ನೋಡಬೇಡಿ. ಬೂಷ್ಟು ಹೆಡ್ಡಿಗೆ ಅಂಟುತ್ತದೆ. ಮುಂದೆ ಹಾಕುವ ಪ್ರತಿ ಕ್ಯಾಸೆಟ್ಟಿಗೂ ಅಲ್ಲಿಂದಲೇ ಹರಡುತ್ತದೆ. ಪದರ ಅಂಟಿಕೊಂಡಿದ್ದರೆ ಟೇಪು ಹರಿದೇ ಹೋಗಬಹುದು.

ಮಾಡಬೇಕಾದ್ದು: ಗಾಳಿಯಾಡದ ಡಬ್ಬಿ ತಗೊಳ್ಳಿ. ಹೊಸ ಶೂ, ಬ್ಯಾಗಿನ ಜೊತೆ ಬರುತ್ತದಲ್ಲ ಸಿಲಿಕಾ ಜೆಲ್, ಅದನ್ನು ಜಾಸ್ತಿ ಹಾಕಿ. ಕ್ಯಾಸೆಟ್ಟನ್ನು ನೇರ ನಿಲ್ಲಿಸಿ ಒಂದೆರಡು ವಾರ ಮುಚ್ಚಿಡಿ. ಒಣಗಿದ ಬೂಷ್ಟು ಪುಡಿಯಾಗುತ್ತದೆ, ಆಗ ಒರೆಸಿ ತೆಗೆಯುವುದು ಸುಲಭ. ಒರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಇನ್ನೊಂದು. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದುಬಿಡಿ. ಆಮೇಲೆ ಅದರ ಮೇಲೆ ಯಾರೂ ತಪ್ಪಿ ರೆಕಾರ್ಡ್ ಮಾಡಲು ಆಗುವುದಿಲ್ಲ. ಮೂವತ್ತು ವರ್ಷ ಹಿಂದೆ ಹೇಳಬೇಕಿತ್ತು, ಈಗಲಾದರೂ ಮುರಿಯಿರಿ. ಮದುವೆ ಕ್ಯಾಸೆಟ್ ಹಾಕಿದರೆ ಅರ್ಧದಲ್ಲಿ ಕ್ರಿಕೆಟ್ ಬರುವುದನ್ನು ಎಷ್ಟು ಮನೆಯಲ್ಲಿ ನೋಡಿದ್ದೇನೋ. ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಕಪಿಲ್ ದೇವ್ ಬೌಲಿಂಗ್.

ಹೊಸ ವಿಸಿಆರ್ ಈಗ ಸಿಗುವುದಿಲ್ಲ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿತು, ಕೊನೆಗೆ ಉಳಿದಿದ್ದವರು ಅವರೇ. ನನ್ನ ಹತ್ತಿರ ಒಂದು ಓಡುವ ಸ್ಥಿತಿಯಲ್ಲಿದೆ, ಬಿಡಿಭಾಗಕ್ಕೆ ಅಂತ ಸತ್ತದ್ದು ಮೂರು ಇವೆ.

ಹೊಸನಗರದವ, ಈಗ ಲೀಡ್ಸ್‌ನಲ್ಲಿ:

ಹಾರಿಸಿದ ವಾರಗಳ ಬಗ್ಗೆ ನಾನು ಹೇಳಬಲ್ಲೆ. ಕಾರಣ ಒಂದಲ್ಲ.

ಮೊದಲನೆಯದು ಕೆಟ್ಟ ಕಥೆ. ಈ ಕಾರ್ಯಕ್ರಮವನ್ನು ಸರದಿ ಪ್ರಕಾರ ರೇಡಿಯೋ ನಿರೂಪಕರು ನಡೆಸಿಕೊಡುತ್ತಿದ್ದರು. ಅವರಲ್ಲಿ ಜಿಮ್ಮಿ ಸ್ಯಾವಿಲ್ ಒಬ್ಬ. 1964ರ ಮೊದಲ ಕಂತು ನಡೆಸಿಕೊಟ್ಟವನೂ ಅವನೇ. 2011ರಲ್ಲಿ ಸತ್ತ. ಅವನು ಎಷ್ಟೋ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದ ಅನ್ನುವುದು ಮುಂದಿನ ವರ್ಷ, 2012ರಲ್ಲಿ ಹೊರಗೆ ಬಂತು. ಆಮೇಲೆ ಬಿಬಿಸಿ ಅವನಿದ್ದ ಕಂತುಗಳನ್ನು ಹಾಕುವುದು ನಿಲ್ಲಿಸಿತು. ಅಂಥದ್ದೇ ಅಪರಾಧಕ್ಕೆ ಶಿಕ್ಷೆಯಾದ ಗಾಯಕ ಗ್ಯಾರಿ ಗ್ಲಿಟರ್ ಇದ್ದ ಕಂತುಗಳನ್ನೂ ಹಾಕುವುದಿಲ್ಲ. ಹಾಡಿದವರು ಏನೂ ತಪ್ಪು ಮಾಡದಿದ್ದರೂ ಆ ವಾರ ಪೂರ್ತಿ ಹೋಯಿತು. ನನ್ನ ಪ್ರಕಾರ ಸರಿಯೇ. ಸಂಜೆ ಊಟದ ಹೊತ್ತಿಗೆ ಆ ಮುಖ ಯಾರಿಗೆ ಬೇಕು?

ಎರಡನೆಯದು, ಕೆಲವು ವಾರ ಕಾರ್ಯಕ್ರಮವೇ ಇರಲಿಲ್ಲ. 1980ರ ಬೇಸಿಗೆಯಲ್ಲಿ ವಾದ್ಯಗಾರರ ಸಂಘದವರು ಮುಷ್ಕರ ಹೂಡಿದಾಗ ಅಷ್ಟು ದಿನ ಬಂದ್.

1976ರಿಂದಲೇ ಯಾಕೆ ಶುರು ಮಾಡಿದರು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅದಕ್ಕಿಂತ ಹಿಂದಿನದನ್ನು ಬಹುಪಾಲು ಬಿಬಿಸಿಯೇ ಅಳಿಸಿಬಿಟ್ಟಿದೆ. ಆಗ ಎರಡು ಇಂಚು ಅಗಲದ ವಿಡಿಯೋ ಟೇಪು, ಬಲು ದುಬಾರಿ. ಮರುಪ್ರಸಾರಕ್ಕೆ ಕಲಾವಿದರ ಸಂಘಗಳ ಜೊತೆಗಿನ ಒಪ್ಪಂದವೂ ಬಿಗಿ. ಹೋದ ವಾರದ ಹಾಡಿನ ಪಟ್ಟಿ ಯಾರಿಗೆ ಬೇಕು ಅಂತ ಅದರ ಮೇಲೆಯೇ ಬೇರೆ ಏನೋ ರೆಕಾರ್ಡ್ ಮಾಡುತ್ತಿದ್ದರು. ಅರವತ್ತರ ದಶಕದ ನೂರಾರು ಕಂತುಗಳಲ್ಲಿ ಪೂರ್ತಿ ಉಳಿದಿರುವುದು ಬೆರಳೆಣಿಕೆಯಷ್ಟು. ಬೀಟಲ್ಸ್ ಬಂದ ಮೊದಲ ವರ್ಷಗಳೆಲ್ಲ ಹೀಗೇ ಹೋದವು. ಸಾಗರದವರು ಹೇಳಿದ ಕಪಿಲ್ ದೇವ್ ಕಥೆಯೇ, ಸ್ವಲ್ಪ ದೊಡ್ಡದು.

ಚಿತ್ರಮಂಜರಿ ಬಗ್ಗೆ ಒಂದು ಮಾತು, ಬೇಜಾರಾಗಬೇಡಿ. ಟಾಪ್ ಆಫ್ ದಿ ಪಾಪ್ಸ್‌ಗೆ ಹಾಡುವವರು ಸ್ಟುಡಿಯೋಗೆ ಬರುತ್ತಿದ್ದರು. ಬಾಯಿ ಆಡಿಸಿದ್ದೇ ಇರಲಿ, ಆ ದೃಶ್ಯ ಬಿಬಿಸಿಯದ್ದು. ಚಿತ್ರಮಂಜರಿಯಲ್ಲಿ ಬರುತ್ತಿದ್ದದ್ದು ಸಿನಿಮಾದ ತುಣುಕು. ದೃಶ್ಯ ನಿರ್ಮಾಪಕರದ್ದು, ಹಾಡು ಕ್ಯಾಸೆಟ್ ಕಂಪನಿಯದ್ದು. ಇಲ್ಲಿ ಹಾಡಿನ ಹಕ್ಕಿನ ಸಂಘಗಳಿಗೆ ಬಿಬಿಸಿ ಒಟ್ಟಾರೆ ದುಡ್ಡು ಕೊಟ್ಟು ಲೈಸೆನ್ಸ್ ಪಡೆದಿರುತ್ತದೆ, ಒಂದೊಂದು ಹಾಡಿಗೂ ಕೇಳಿಕೊಂಡು ಹೋಗಬೇಕಿಲ್ಲ. ನಮ್ಮಲ್ಲಿ ಒಂದು ಅರ್ಧ ಗಂಟೆಗೆ ಎಷ್ಟು ಜನರ ಬಾಗಿಲು ತಟ್ಟಬೇಕು, ನೀವೇ ಲೆಕ್ಕ ಹಾಕಿ.

ಗಾಂಧಿಬಜಾರ್ ಹುಡುಗ:

ಆಂಟಿ, ಆ ಹಾಡೆಲ್ಲ ಯೂಟ್ಯೂಬ್‌ನಲ್ಲಿ ಇವೆಯಲ್ಲ? ಎಚ್‌ಡಿಯಲ್ಲೇ ಇವೆ. ಯಾವ ಹಾಡು ಬೇಕು ಹೇಳಿ, ಲಿಂಕ್ ಹಾಕ್ತೀನಿ.

ಭದ್ರಾವತಿ ಕೇಳುಗ:

ಗಾಂಧಿಬಜಾರಿನ ಹುಡುಗನಿಗೆ ತೋಟದಮನೆಯವರೇ ಉತ್ತರ ಕೊಡುತ್ತಾರೆ ಬಿಡಿ. ನಾನು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ಟೀವಿಗಿಂತ ಮೊದಲೇ ಈ ನಂಬರಿನ ಹುಚ್ಚು ನಮಗಿತ್ತು.

ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನ್, ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತ್‌ಮಾಲಾ. ನಡೆಸಿಕೊಡುತ್ತಿದ್ದವರು ಅಮೀನ್ ಸಯಾನಿ. 1952ರಲ್ಲಿ ಶುರುವಾದದ್ದು. ಅದೇ ವರ್ಷ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಹಾಡು ನಿಂತಿತು, ಜನ ಸಿಲೋನಿಗೆ ಹೋದರು. 1957ರಲ್ಲಿ ವಿವಿಧ ಭಾರತಿ ಶುರು ಮಾಡುವ ಹೊತ್ತಿಗೆ ನಮ್ಮಂಥವರ ಮನೆಯ ರೇಡಿಯೋ ಮುಳ್ಳು ಸಿಲೋನಿನಲ್ಲೇ ತುಕ್ಕು ಹಿಡಿದಿತ್ತು. ರೆಕಾರ್ಡ್ ಅಂಗಡಿಗಳ ಮಾರಾಟದ ಲೆಕ್ಕ, ಕೇಳುಗರ ಸಂಘಗಳ ಪತ್ರ, ಎರಡನ್ನೂ ಸೇರಿಸಿ ಪಟ್ಟಿ ಮಾಡುತ್ತಿದ್ದರು.

ನಾವು ನಾಲ್ಕು ಜನ ಸೇರಿ ಒಂದು ಸಂಘ ಮಾಡಿದ್ದೆವು. ಹಿಂದಿ ಯಾರಿಗೂ ನೆಟ್ಟಗೆ ಬರುತ್ತಿರಲಿಲ್ಲ. ನಾನು ಒಂದು ನೋಟ್‌ಬುಕ್ಕಿನಲ್ಲಿ ಹಾಡಿನ ಮೊದಲ ಸಾಲನ್ನು ಕಿವಿಗೆ ಕೇಳಿದ ಹಾಗೆ ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ನಂಬರ್ ಹಾಕುತ್ತಿದ್ದೆ. ಮಳೆಗಾಲದಲ್ಲಿ ಗುಡುಗು ಸಿಡಿಲಿಗೆ ಕರಕರ ಅಂತ ಮುಖ್ಯ ಹೊತ್ತಲ್ಲೇ ಹೋಗುತ್ತಿತ್ತು. ಅಂಥ ಕಡೆ "ಮಳೆ" ಅಂತ ಬರೆದಿದ್ದೇನೆ. ಮೊನ್ನೆ ತೆಗೆದು ನೋಡಿದೆ, ಒಂದು ಜುಲೈನಲ್ಲಿ ಮೂರು ವಾರ ಒಂದನೇ ನಂಬರು "ಮಳೆ".

ಟೇಪಿನ ಬಗ್ಗೆ: ಪ್ರಸಾರ ಭಾರತಿ ಆರ್ಕೈವ್ಸ್ ಅಂತ ಯೂಟ್ಯೂಬ್‌ನಲ್ಲೇ ಒಂದು ಚಾನಲ್ ಇದೆ, ಸಂಗೀತ ಕಛೇರಿ, ಸಂದರ್ಶನ ಸಿಗುತ್ತವೆ. 2020ರ ಏಪ್ರಿಲ್‌ನಲ್ಲಿ ದೂರದರ್ಶನದವರ ಡಿಡಿ ರೆಟ್ರೋ ಚಾನಲ್ ಬಂತು, ಅದರಲ್ಲಿ ಹಳೆಯ ಹಿಂದಿ ಧಾರಾವಾಹಿಗಳದ್ದೇ ಕಾರುಬಾರಾಗಿತ್ತು. ಚಿತ್ರಮಂಜರಿಗೆ ನೀವು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. "ಮತ್ತೆ ಹಾಕಿ" ಅಂತ ಬರೆದರೆ ಅದು ಬೇಡಿಕೆ, ಮಾಹಿತಿ ಅಲ್ಲ, ತಳ್ಳಿಹಾಕುತ್ತಾರೆ. "ಗ್ರಂಥಾಲಯದಲ್ಲಿ ಈ ಹೆಸರಿನ ಯಾವ ಯಾವ ಟೇಪುಗಳಿವೆ, ಪಟ್ಟಿ ಕೊಡಿ" ಅಂತ ಬರೆಯಿರಿ.

ತೋಟದಮನೆ:

ಎಲ್ಲರಿಗೂ ಧನ್ಯವಾದ. ಅರ್ಜಿ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೇನೆ.

ಗಾಂಧಿಬಜಾರಿನ ಮಗನೇ, ಲಿಂಕ್ ಬೇಡಪ್ಪ. ಹುಡುಕಿದರೆ ಸಿಗುವುದು ನನಗೆ ಈಗಾಗಲೇ ಇಷ್ಟವಾದ ಹಾಡು, ಅಲ್ವಾ? ನನಗೆ ಬೇಕಾದದ್ದು ನಾನು ಮರೆತೇಹೋದ ಹಾಡು. ಸುಲಿಯುವವರು ಕತ್ತಿ ನಿಲ್ಲಿಸದೇ ಇದ್ದ ಹಾಡು. ಅದನ್ನು ಹುಡುಕೋಣ ಅಂದರೆ ಹೆಸರೇ ನೆನಪಿಲ್ಲವಲ್ಲ. ಎರಡು ರಾಜ್‌ಕುಮಾರ್ ಹಾಡಿನ ನಡುವೆ ಕೂರಿಸಿ ಯಾರಾದರೂ ಬಲವಂತವಾಗಿ ತೋರಿಸಬೇಕು. ಲೀಡ್ಸಿನವರು ಹೇಳಿದ್ದು ಸರಿ, ತುಣುಕೆಲ್ಲ ಸಿನಿಮಾದವರದ್ದೇ. ಆದರೆ ಜೋಡಿಸಿದ ಕ್ರಮ ಬೆಂಗಳೂರಿನಲ್ಲಿ ಯಾರೋ ಕೂತು ಮಾಡಿದ್ದು. ನಡುವೆ ಬರುವ ನಿರೂಪಕಿಯ ಸೀರೆ, ನಿರ್ಮಾ ಜಾಹೀರಾತು, "ತಡೆಗಾಗಿ ವಿಷಾದಿಸುತ್ತೇವೆ" ಫಲಕ ಇವೆಲ್ಲ ಯಾವ ಸಿನಿಮಾದಲ್ಲೂ ಇಲ್ಲ.

ಸಾಗರದವರೇ, ಡಬ್ಬಿಗೆ ಹಾಕಿದ್ದೇನೆ. ಸಿಲಿಕಾ ಜೆಲ್‌ಗೆ ಊರಿನವರ ಶೂ ಡಬ್ಬಿಯೆಲ್ಲ ಜಾಲಾಡಿದೆ. ಪ್ಲಾಸ್ಟಿಕ್ ಚೂರು ಒಂದರಲ್ಲಿ ಇದೆ, ಇನ್ನೊಂದರಲ್ಲಿ ಮೊದಲೇ ಮುರಿದಿದೆ. ಯಾರು ಮುರಿದರೋ, ಪುಣ್ಯಾತ್ಮರು.

ತೋಟದಮನೆ, ಏಳು ವಾರದ ನಂತರ:

ಸುದ್ದಿ ಹೇಳಲು ಬಂದೆ. ಅರ್ಜಿಗೆ ಉತ್ತರ ಬಂದಿದೆ, ಬೇರೆ ವಿಭಾಗಕ್ಕೆ ಕಳಿಸಿದ್ದೇವೆ ಅಂತ. ಕಾಯುತ್ತಿದ್ದೇನೆ.

ಚೂರು ಇದ್ದ ಕ್ಯಾಸೆಟ್ಟನ್ನು ಮಗ ಸಾಗರಕ್ಕೆ ತೆಗೆದುಕೊಂಡು ಹೋಗಿದ್ದ. ರಿಪೇರಿಯವರು ಎರಡು ದಿನ ಕೂತು ಒರೆಸಿ, ಪೆನ್‌ಡ್ರೈವಿಗೆ ಹಾಕಿ ಕೊಟ್ಟರು. ದುಡ್ಡು ಬೇಡ ಅಂದರು, ಒಂದು ಡಬ್ಬಿ ಹಲಸಿನ ಹಪ್ಪಳ ಕಳಿಸಿದೆ.

ಚಿತ್ರಮಂಜರಿ ಉಳಿದಿರುವುದು ಹನ್ನೊಂದು ನಿಮಿಷ. ಆಮೇಲೆ ನಾದಿನಿ ಮಗನ ನಾಮಕರಣ. ಹಾಡಿನ ಮೇಲೆ ಇದನ್ನು ರೆಕಾರ್ಡ್ ಮಾಡಿದ್ದು ಯಾರು ಅಂತ ಮನೆಯಲ್ಲಿ ದೊಡ್ಡ ವಿಚಾರಣೆ ನಡೆಯಿತು. ನಾನೇ ಅಂತೆ. ನೀನೇ ಕ್ಯಾಸೆಟ್ ಹುಡುಕಿ ಕೊಟ್ಟೆ, "ಇದರಲ್ಲಿ ಬರೀ ಹಾಡು, ತೊಂದರೆ ಇಲ್ಲ" ಅಂದಿದ್ದೆ ಅಂತ ನಾದಿನಿ ಫೋನಿನಲ್ಲೇ ಹೇಳಿದಳು. ನನಗೆ ನೆನಪಿಲ್ಲ. ಆದರೆ ಹಾಗೆ ಹೇಳುವವಳೇ ನಾನು. ಇನ್ನು ಬಿಬಿಸಿಯವರಿಗೆ ಏನೂ ಅನ್ನುವುದಿಲ್ಲ.

ಆ ಹನ್ನೊಂದು ನಿಮಿಷದಲ್ಲಿ ಎರಡು ಹಾಡು ಪೂರ್ತಿ ಇವೆ. ಮೊದಲನೆಯದು ಚೆನ್ನಾಗಿದೆ. ಎರಡನೆಯದು ಭಯಂಕರ. ಹೀರೋ ಹಳದಿ ಪ್ಯಾಂಟು ಹಾಕಿಕೊಂಡು ಒಂದು ನೀರಿನ ಟ್ಯಾಂಕಿನ ಸುತ್ತ ಓಡುತ್ತಾನೆ. ನಮ್ಮ ಯಜಮಾನರಿಗೆ ಅವನು ಯಾರು ಅಂತ ಗೊತ್ತಾಗಲಿಲ್ಲ, ನನಗೂ ಇಲ್ಲ. ಆದರೆ ಎರಡನೇ ಚರಣ ಶುರುವಾಗುವ ಮೊದಲೇ ನನ್ನ ಬಾಯಿಗೆ ಸಾಲು ಬಂತು. ಮೂವತ್ತು ವರ್ಷ ಎಲ್ಲಿತ್ತೋ ಅದು! ಐದು ಸಲ ಹಾಕಿ ನೋಡಿದೆ.

ಆಮೇಲೆ ನಿರೂಪಕಿ ಬರುತ್ತಾಳೆ. ಗಿಳಿಹಸಿರು ಸೀರೆ. "ಮುಂದಿನ ಗೀತೆ, ಹಾಡಿರುವವರು ಎಸ್.ಪಿ. ಬಾಲ" ಅನ್ನುವಷ್ಟರಲ್ಲಿ, ಅಲ್ಲಿಗೇ ಕಟ್. ತೊಟ್ಟಿಲು ತೂಗುವುದು ಶುರು.

1992 ಅಥವಾ 93, ಅಡಿಕೆ ಸುಗ್ಗಿಯ ಹೊತ್ತು. ಮೂರನೇ ಹಾಡು ಯಾವುದು ಅಂತ ಯಾರಿಗಾದರೂ ನೆನಪಿದೆಯಾ?

ಗಾಂಧಿಬಜಾರ್ ಹುಡುಗ:

ಆಂಟಿ, ಎಸ್‌ಪಿಬಿ ಅಂದ್ರೆ ಸಾವಿರಾರು ಹಾಡು ಇದಾವೆ. ಹಳದಿ ಪ್ಯಾಂಟಿಂದು ಹಾಕಿ ಮೊದ್ಲು, ನಾನೂ ನೋಡ್ಬೇಕು.

ಭದ್ರಾವತಿ ಕೇಳುಗ:

ಎಸ್‌ಪಿಬಿ ಅಂದಮೇಲೆ ವಾರ, ತಿಂಗಳು ಬೇಕಮ್ಮ. ನಾಮಕರಣ ಆದ ಮಗುವಿನ ಹುಟ್ಟಿದ ದಿನ ಕೇಳಿ. ಅದಕ್ಕಿಂತ ಮುಂಚಿನದು ಅಂತ ಆದರೂ ಗೊತ್ತಾಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಟೀವಿಯದ್ದು ಬರೆದಿಲ್ಲ, ನನ್ನವಳು ಬರೆದಿದ್ದರೂ ಬರೆದಿರಬಹುದು. ಅವಳ ಲೆಕ್ಕದ ಪುಸ್ತಕದ ಹಿಂದೆ ಏನೇನೋ ಇರುತ್ತದೆ. ನೋಡಿ ಹೇಳುತ್ತೇನೆ.

ಸಾಗರದ ಟೀವಿ ರಿಪೇರಿ:

ಹಪ್ಪಳ ಮುಗಿಯಿತು. ಚೂರು ಮುರಿದಿದ್ದ ಇನ್ನೊಂದು ಕ್ಯಾಸೆಟ್ ಡಬ್ಬಿಯಲ್ಲೇ ಇದೆಯಲ್ಲ, ಅದನ್ನು ಕಳಿಸಿ. ಬೆಳಗಿನ ಬಸ್ಸಿನ ಡ್ರೈವರ್ ಹತ್ತಿರ ಕೊಟ್ಟರೆ ಸಾಕು, ಸ್ಟ್ಯಾಂಡಿಗೆ ಬಂದು ಇಸ್ಕೊಳ್ಳುತ್ತೇನೆ. ಇಂಜಿನ್ ಪಕ್ಕ ಬಿಸಿಗೆ ಇಡಬೇಡ ಅಂತ ಅವನಿಗೆ ಹೇಳಿ.